ಈ ರೂಮಿನೊಳಗೆ ಇಂಗ್ಲಿಷ್ ಮಾತ್ರ

ನಾನು ಪಾಠ ಮಾಡುವ ಏಳನೇ ಕ್ಲಾಸಿನಲ್ಲಿ ಕಿಟಕಿ ಪಕ್ಕ ಕೂರುವ ಹುಡುಗಿ ನನಗೆ ಅತ್ತೆಯಾಗಬೇಕು. ತಮಾಷೆಗೆ ಹೇಳುತ್ತಿಲ್ಲ. ನಮ್ಮ ತಾತನ ಕೊನೆಯ ತಮ್ಮನ ಕೊನೆಯ ಮಗಳು ಅವಳು. ಅಂದರೆ ಅಪ್ಪನಿಗೆ ತಂಗಿ, ಅಂದರೆ ನನಗೆ ಅತ್ತೆ. ನನಗೆ ಇಪ್ಪತ್ತೇಳು, ಅವಳಿಗೆ ಹನ್ನೆರಡು. ತಮಿಳು ಸೀಮೆಯೊಳಗಿನ ನಲ್ಲಂಪಳ್ಳಿ ಸುತ್ತಿನ ನಮ್ಮಂಥ ಕನ್ನಡದ ಹಳ್ಳಿಗಳಲ್ಲಿ ಯಾರೂ ವಯಸ್ಸು ಕೇಳುವುದಿಲ್ಲ, ವರಸೆ ಕೇಳುತ್ತಾರೆ. ವರಸೆಯಲ್ಲಿ ಅವಳು ಮೇಲೆ, ನಾನು ಕೆಳಗೆ. ಬಿ.ಎಡ್ ಮಾಡಿದರೂ ಅದು ಬದಲಾಗುವುದಿಲ್ಲ.

ಸಂಜೆ ಹೊತ್ತು ಅವಳು ಹೆಪ್ಪಿಗೆ ಮಜ್ಜಿಗೆ ಕೇಳಿಕೊಂಡು ನಮ್ಮ ಮನೆಗೆ ಬರುತ್ತಾಳೆ. ನಾನು ಮಂಚದ ಮೇಲೆ ಕಾಲು ಚಾಚಿ ಫೋನು ನೋಡುತ್ತಿರುತ್ತೇನೆ. ಒಳಗಿನಿಂದ ಅಜ್ಜಿಯ ದನಿ ಬರುತ್ತದೆ.

“ಅತ್ತೆ ಬಂದವ್ಳೆ, ಎದ್ದು ನಿಂತ್ಕಳೇ. ಓದಿದ್ದು ಎಲ್ಲಿಗೋಯ್ತು ನಿಂದು?”

ನಾನು ಎದ್ದು ನಿಲ್ಲುತ್ತೇನೆ. ಹನ್ನೆರಡರ ಅತ್ತೆ ಜಡೆ ಹಿಂದಕ್ಕೆಸೆದು ಗತ್ತಿನಿಂದ ಹೇಳುತ್ತಾಳೆ: “ಪರವಾಯಿಲ್ಲ, ಕೂತ್ಕ ಮಗಾ.”

ಇಂಥವಳಿಗೆ ಮಾರನೆಯ ಬೆಳಿಗ್ಗೆ ನಾನು ಇಂಗ್ಲಿಷ್ ಪಾಠ ಮಾಡಬೇಕು. ದೇವರು ಯಾರಿಗೂ ಈ ಪಾಡು ಕೊಡಬಾರದು.

ನಮ್ಮೂರಿನ ನಡುನಿಲೆ ಶಾಲೆಗೆ, ಅಂದರೆ ಎಂಟನೇ ಕ್ಲಾಸಿನವರೆಗಿನ ಶಾಲೆಗೆ, ನಾನು ಬಂದದ್ದು ಒಂದು ಕುರ್ಚಿಯ ಆಸೆಯಿಂದ. ಅದಕ್ಕೆ ಮೊದಲು ಸೇಲಂ ಪೇಟೆಯ ಒಂದು ಖಾಸಗಿ ಶಾಲೆಯಲ್ಲಿದ್ದೆ. ಅಲ್ಲಿ ಕ್ಲಾಸಿನಲ್ಲಿ ಟೀಚರಿಗೆ ಕುರ್ಚಿಯೇ ಇರಲಿಲ್ಲ. ಕೂತರೆ ಟೀಚರಿಗೆ ನಿದ್ದೆ ಬರುತ್ತದೆಂಬುದು ಆಡಳಿತದ ಸಿದ್ಧಾಂತ. ಹೋಗುವಾಗ ಬಸ್ಸಿನಲ್ಲಿ ನಿಂತು, ಕ್ಲಾಸಿನಲ್ಲಿ ನಿಂತು, ಬರುವಾಗ ಮತ್ತೆ ಬಸ್ಸಿನಲ್ಲಿ ನಿಂತು, ನಾನು ಬದುಕಿನಲ್ಲಿ ನಿಂತದ್ದೇ ಹೆಚ್ಚು. ಅಂಥ ಹೊತ್ತಿನಲ್ಲಿ ನಮ್ಮೂರ ಶಾಲೆಯಲ್ಲೇ ಇಂಗ್ಲಿಷ್ ಟೀಚರ್ ಜಾಗ ಖಾಲಿ ಬಿತ್ತು. ತಾತ್ಕಾಲಿಕ ಕೆಲಸ. ಹೆತ್ತವರ ಕಮಿಟಿ ಬೇಕೆಂದರೆ ಉಂಟು, ಬೇಡವೆಂದರೆ ಇಲ್ಲ. ಆದರೆ ಮನೆಯಿಂದ ನಡೆದು ಹೋಗುವ ದೂರ, ನಾನೇ ಓದಿದ ಶಾಲೆ, ಮತ್ತು ಇಂಗ್ಲಿಷ್ ಕ್ಲಾಸಿನ ರೂಮಿನಲ್ಲಿ ಕೈ ಇರುವ ಮರದ ಕುರ್ಚಿ. ಫ್ಯಾನು ತಿರುಗುವ ಒಂದೇ ರೂಮು ಅದು. ಗೋಡೆಗೆ ಸ್ಮಾರ್ಟ್ ಬೋರ್ಡು ಹಾಕಿದ್ದರಿಂದ ಇಂಗ್ಲಿಷಿಗೆಂದು ಬಿಟ್ಟುಕೊಟ್ಟಿದ್ದರು. ಆರು, ಏಳು, ಎಂಟು, ಎಲ್ಲರೂ ಅಲ್ಲಿಗೇ ಬರಬೇಕು. ನಾನು ಆ ಕುರ್ಚಿಯಲ್ಲಿ ಕೂತು ನೋಡಿದೆ. ಇದನ್ನು ಬಿಡುವುದಿಲ್ಲ ಎಂದುಕೊಂಡೆ.

ಹೆಡ್‌ಮಾಸ್ಟರು ಧರ್ಮಪುರಿಯವರು, ತಮಿಳರು, ಒಳ್ಳೆಯವರು, ಸದಾ ಹೆದರಿರುವವರು. ಮೊದಲ ದಿನವೇ ನನ್ನನ್ನು ಕೂರಿಸಿಕೊಂಡು ವಿಷಯ ಬಿಚ್ಚಿಟ್ಟರು. ಅರ್ಧ ವರ್ಷದ ಪರೀಕ್ಷೆ ಮುಗಿದ ಮೇಲೆ ಬ್ಲಾಕ್ ಆಫೀಸಿನಿಂದ ಒಬ್ಬರು ಮೇಡಂ ಬರುತ್ತಾರೆ, ಕಮಿಟಿಯೂ ಸೇರುತ್ತದೆ. ನನ್ನನ್ನು ಇಟ್ಟುಕೊಳ್ಳುವುದೋ ಕಳಿಸುವುದೋ ಅವತ್ತೇ ತೀರ್ಮಾನ. “ಪುಳ್ಳೈಂಗ ವಾಯ್ ತೆರಂದು ಇಂಗ್ಲಿಷ್ ಪೇಸಣುಂ, ಅವ್ಳೋದಾನ್,” ಎಂದರು. ಮಕ್ಕಳು ಬಾಯಿಬಿಟ್ಟು ಇಂಗ್ಲಿಷ್ ಮಾತಾಡಬೇಕು, ಅಷ್ಟೇ. ನನಗಿಂತ ಮುಂಚೆ ಬಂದ ಟೀಚರುಗಳಲ್ಲಿ ಒಬ್ಬರೂ ವರ್ಷ ಪೂರ್ತಿ ಮಾಡಿರಲಿಲ್ಲ. ಒಬ್ಬರು ಪೊಂಗಲ್ ರಜೆಗೆ ಹೋದವರು ಬರಲೇ ಇಲ್ಲವಂತೆ. ಆಮೇಲೆ ದನಿ ತಗ್ಗಿಸಿ, ಇಲ್ಲಿ ಎಲ್ಲರೂ ನಿನ್ನ ಸಂಬಂಧಿಕರೇ, ಯಾರೂ ನಿನಗೆ ಹೆದರುವುದಿಲ್ಲ, ಅದೊಂದೇ ನನ್ನ ಭಯ ಎಂದರು.

ಆ ಮಾತು ನನಗೆ ಚುಚ್ಚಿತು. ಯಾಕೆಂದರೆ ನಿಜ. ನಾನು ಕ್ಲಾಸಿಗೆ ಕಾಲಿಟ್ಟರೆ ಒಂದು ಮೂಲೆಯಿಂದ “ಅಕ್ಕಾ”, ಇನ್ನೊಂದರಿಂದ “ಚಿಕ್ಕವ್ವಾ”, ಹಿಂದಿನ ಬೆಂಚಿನಿಂದ “ಅತ್ಗೇ”. ಕಿಟಕಿ ಪಕ್ಕದಿಂದ ಏನೂ ಇಲ್ಲ. ಅತ್ತೆ ಸುಮ್ಮನೆ ತಲೆಯಾಡಿಸುತ್ತಾಳೆ, ಬಂದ್ಯಾ, ಸರಿ, ಎಂಬಂತೆ. ಮಕ್ಕಳು ಪಾಠವನ್ನು ಕನ್ನಡದಲ್ಲಿ ಅರ್ಥ ಮಾಡಿಕೊಂಡು, ತಮಿಳಿನಲ್ಲಿ ಉತ್ತರ ಹೇಳಿ, ಇಂಗ್ಲಿಷನ್ನು ಬೋರ್ಡಿನ ಮೇಲೆ ಅದರ ಪಾಡಿಗೆ ಬಿಟ್ಟಿರುತ್ತಿದ್ದರು. ಇದಕ್ಕೆ ಕಡಿವಾಣ ಬೇಕು ಎಂದು ನಿರ್ಧರಿಸಿದೆ. ಕ್ಲಾಸಿಗೊಂದು ನಿಯಮಾವಳಿ ಬೇಕು.

ಒಂದು ಭಾನುವಾರ ಮಧ್ಯಾಹ್ನ ಫೋನಿನಲ್ಲಿ ಹುಡುಕಿದೆ. ಯಾವುದೋ ಚಳಿ ದೇಶದ ಯಾವುದೋ ಶಾಲೆಯ ಇಂಗ್ಲಿಷ್ ಟೀಚರು ತನ್ನ ಕ್ಲಾಸಿನ ಕಟ್ಟಳೆಗಳನ್ನು ಚಂದವಾಗಿ ಬರೆದಿಟ್ಟಿದ್ದಳು. ಮೌನವಾಗಿ ಒಳಗೆ ಬರಬೇಕು. ಪೆನ್ಸಿಲು ಮೊದಲೇ ಚೂಪು ಮಾಡಿರಬೇಕು. ತಡವಾದ ಹೋಮ್‌ವರ್ಕ್ ತೆಗೆದುಕೊಳ್ಳುವುದಿಲ್ಲ. ಟೀಚರನ್ನು ತಕ್ಕ ಮರ್ಯಾದೆಯಿಂದ ಕರೆಯಬೇಕು. ಓದುತ್ತ ಓದುತ್ತ ನನಗೆ ಆನಂದವಾಯಿತು. ಕೆಳಗೆ ನನ್ನದೊಂದು ಸೇರಿಸಿದೆ: ಈ ರೂಮಿನೊಳಗೆ ಇಂಗ್ಲಿಷ್ ಮಾತ್ರ. ಕೊನೆಯವರೆಗೆ ಓದುವ ತಾಳ್ಮೆ ಇರಲಿಲ್ಲ. ನಲ್ಲಂಪಳ್ಳಿಯ ಜೆರಾಕ್ಸ್ ಅಂಗಡಿಗೆ ಓಡಿ ಮನೆಗೊಂದರಂತೆ ಪ್ರಿಂಟು ಹಾಕಿಸಿದೆ. ಒಂದನ್ನು ದೊಡ್ಡದು ಮಾಡಿಸಿ, ಲ್ಯಾಮಿನೇಟ್ ಮಾಡಿಸಿ, ರೂಮಿನ ಗೋಡೆಗೆ ಹೊಡೆದೆ. ಹೆತ್ತವರು ಓದಿ ಸಹಿ ಮಾಡಿ ಕಳಿಸಬೇಕು ಎಂದು ಮಕ್ಕಳ ಕೈಗೆ ಕೊಟ್ಟೆ.

ಪೇಟೆಯಲ್ಲಾದರೆ ಹೆತ್ತವರು ಓದದೆ ಸಹಿ ಹಾಕುತ್ತಾರೆ. ಅದು ನಾಗರಿಕತೆ. ನಮ್ಮೂರಿನಲ್ಲಿ ಹಾಗಾಗಲಿಲ್ಲ. ಮಾರನೆಯ ದಿನ ಒಂದು ಹಾಳೆಯೂ ವಾಪಸು ಬರಲಿಲ್ಲ. ಸಂಜೆ ಕರೆ ಬಂತು, ಹೊಂಗೆ ಮರದ ಕಟ್ಟೆಗೆ ಬರಬೇಕಂತೆ.

ಕಮಿಟಿಯ ತಲೈವಿ, ಅಂದರೆ ಅಧ್ಯಕ್ಷೆ, ರಾಗಿ ಮಿಲ್ಲು ನಡೆಸುವ ಹೆಂಗಸು. ಇಬ್ಬರು ಮಕ್ಕಳು ನನ್ನ ಹತ್ತಿರವೇ ಓದುತ್ತಾರೆ. ಹುಬ್ಬಿನ ಮೇಲೆ ಹಿಟ್ಟು, ಕೈಯಲ್ಲಿ ನನ್ನ ಹಾಳೆ. ಸುತ್ತ ಊರಿಗೆ ಊರೇ ಕೂತಿತ್ತು. ನಮ್ಮಲ್ಲಿ ನೀರಿನ ಸರದಿಯಾಗಲಿ, ಮೇಕೆ ಬಿಡುವ ಜಾಗವಾಗಲಿ, ಯಾವುದನ್ನು ನಿಯಮ ಎಂದರೂ ಅದು ಊರ ಕಟ್ಟು. ಕಟ್ಟೆಯ ಮೇಲೆ ಓದಿ, ಎಲ್ಲರೂ ಒಪ್ಪಿ, ತಪ್ಪಿದವರಿಗೆ ಏನು ಎಂದು ನಿಗದಿ ಮಾಡದೆ ಕಟ್ಟು ಆಗುವುದಿಲ್ಲ. ನನ್ನ ಇಂಗ್ಲಿಷ್ ಹಾಳೆಯನ್ನೂ ಅವರು ಊರ ಕಟ್ಟು ಎಂದೇ ತಿಳಿದಿದ್ದರು.

“ಓದ್ದೆ ಕೈಯೆಳ್ತು ಆಕಾದೆಂಗೆ ಕೂಸೇ? ನೀನೇ ಓದೇಳು. ಎಲ್ರೂ ಕೇಳ್ಸ್ಕಳ್ಳಿ,” ಎಂದಳು ತಲೈವಿ. ಕೈಯೆಳ್ತು ಎಂದರೆ ಸಹಿ.

ಓದಿದೆ, ಒಂದೊಂದಾಗಿ ಕನ್ನಡದಲ್ಲಿ ಹೇಳಿದೆ. ಪೆನ್ಸಿಲು, ಹೋಮ್‌ವರ್ಕು, ಮರ್ಯಾದೆ, ಎಲ್ಲಕ್ಕೂ ತಲೆಯಾಡಿಸಿದರು. ಬಬಲ್‌ಗಮ್ ಜಗಿಯಬಾರದು ಎಂದಾಗ, ಹುಣಸೆಹಣ್ಣು ಚೀಪಬಹುದಾ ಎಂದು ಯಾರೋ ಕೇಳಿದರು. ಸ್ವಲ್ಪ ಚರ್ಚೆಯಾಗಿ, ಬೀಜ ಉಗುಳದಿದ್ದರೆ ಚೀಪಬಹುದು ಎಂದಾಯಿತು. ಆಮೇಲೆ ನಾನು ಓದದೆ ಬಿಟ್ಟಿದ್ದ ಕೊನೆಯ ಭಾಗ ಬಂತು. ಕ್ಲಾಸಿನೊಳಗೆ ಉಣ್ಣೆಯ ಟೊಪ್ಪಿಗೆ ಹಾಕಬಾರದು. ಹಿಮ ಬಿದ್ದು ಶಾಲೆಗೆ ರಜೆ ಕೊಟ್ಟರೂ ಹೋಮ್‌ವರ್ಕ್ ಮುಗಿಸಿರಬೇಕು.

ನಮ್ಮ ಕಡೆ ಬಿಸಿಲಿಗೆ ಬಾವಿಯ ಮೋಟರೇ ಸುಟ್ಟುಹೋಗುತ್ತದೆ.

“ಇಮ ಅಂದ್ರೆ?” ಎಂದರು ಒಬ್ಬ ಮುದುಕರು.

“ಐಸ್ ಕಣ್ ತಾತ. ಮ್ಯಾಲಿಂದ ಐಸ್ ಬೀಳ್ತದಂತೆ.”

“ಬಿದ್ರೆ ಬೀಳ್ಲಿ. ಬಿದ್ರೂ ಓದ್ಬೇಕು ಅಂತೈತೆ. ನ್ಯಾಯವಾಗೇ ಐತೆ,” ಎಂದು ಮುದುಕರು ತೀರ್ಪು ಕೊಟ್ಟರು. ಎಲ್ಲರೂ ಒಪ್ಪಿದರು. ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು, ಆದರೂ ಟೀಚರಿನ ಗಾಂಭೀರ್ಯ ಬಿಡಲಿಲ್ಲ.

ತಪ್ಪಿದವರಿಗೆ ಏನು ಎಂಬುದು ಬೇಗ ಮುಗಿಯಿತು. ಯಾರು ಕಟ್ಟು ಮುರಿಯುತ್ತಾರೋ ಅವರ ಮನೆಯಿಂದ ಒಂದು ಪಡಿ ಕಡ್ಲೆಪುರಿ ತಂದು ಕ್ಲಾಸಿಗೆಲ್ಲ ಹಂಚಬೇಕು. ಆಮೇಲೆ ತಲೈವಿ ನನ್ನ ಕಡೆ ತಿರುಗಿದಳು.

“ಕಟ್ಟು ಅಂದ್ರೆ ಕಟ್ದೋರ್ಗೂ ಸೇರಿಯೇ. ಸರಿಯೇನವ್ವ?”

“ಓ, ಸರಿ,” ಎಂದೆ. ಇಂಗ್ಲಿಷ್ ಎಂ.ಎ. ನಾನು. ನನಗೆಲ್ಲಿಯ ತಪ್ಪು? ಅತ್ತೆ ಅವರಮ್ಮನ ಮಗ್ಗುಲಲ್ಲಿ ಕೂತು ನನ್ನನ್ನೇ ನೋಡುತ್ತಿದ್ದಳು. ಆ ನೋಟವನ್ನು ನಾನು ಅವತ್ತೇ ಗಮನಿಸಬೇಕಿತ್ತು.

ಕಟ್ಟು ಜಾರಿಗೆ ಬಂದ ಮೇಲೆ ನನ್ನ ಕ್ಲಾಸು ಇಡೀ ಶಾಲೆಗೇ ಮಾದರಿಯಾಯಿತು. ಎಷ್ಟು ಶಿಸ್ತು ಎಂದರೆ ಯಾರೂ ಉಸಿರೆತ್ತುವುದಿಲ್ಲ. ಇಂಗ್ಲಿಷ್ ಬರುವುದಿಲ್ಲ, ಬೇರೇನೂ ಆಡುವಂತಿಲ್ಲ, ಆಡಿದರೆ ಅಮ್ಮ ಪುರಿ ಕೊಡಬೇಕು, ಕೊಟ್ಟರೆ ಬೆನ್ನು ಹುರಿಯುತ್ತಾಳೆ. ಹೆಡ್‌ಮಾಸ್ಟರು ಬಾಗಿಲಲ್ಲಿ ನಿಂತು ಈ ನಿಶ್ಶಬ್ದವನ್ನು ಕಣ್ಣುತುಂಬ ನೋಡಿ ಹೋದರು. ನಾನು ಕುರ್ಚಿಯಲ್ಲಿ ಕೂತು ಒಬ್ಬಳೇ ಇಂಗ್ಲಿಷ್ ಮಾತಾಡಿದೆ. ಗೋಡೆಗೆ ಮಾತಾಡಿದರೂ ಗೋಡೆ ಇಷ್ಟು ಸುಮ್ಮನಿರುವುದಿಲ್ಲ.

ಮೌನ ಮುರಿದವಳು ಅತ್ತೆ. ಒಂದು ದಿನ ಕೈಯೆತ್ತಿ, “ಮೇ ಐ ಗೋ ಔಟ್, ಮಿಸ್?” ಎಂದಳು. ಖುಷಿಯಾಗಿ ಕಳಿಸಿದೆ. ಅವಳು ಬಾಗಿಲು ದಾಟಿ ಜಗಲಿಯಲ್ಲಿ ನಿಂತು, ಒಳಕ್ಕೆ ತಿರುಗಿ, ಗಟ್ಟಿಯಾಗಿ ಕನ್ನಡದಲ್ಲಿ ಹೇಳಿದಳು: “ಬೋಲ್ಡಿನ ಮ್ಯಾಲೆ ಬಿಸ್ಲು ಬೀಳ್ತೈತೆ, ಏನೂ ಕಾಣಾಕಿಲ್ಲ.” ಹೇಳಿ, ಒಳಗೆ ಬಂದು, ಜಾಗದಲ್ಲಿ ಕೂತಳು.

ನಾನು ಗೋಡೆಯ ಕಡೆ ತಿರುಗಿದೆ. ಹಾಳೆಯಲ್ಲಿ ಏನಿದೆ? ಈ ರೂಮಿನೊಳಗೆ. ಜಗಲಿ ರೂಮಲ್ಲ.

ಅವತ್ತಿನಿಂದ ಶುರುವಾಯಿತು ನೋಡಿ. ಪೆನ್ನು ಬೇಕಾದರೆ ಜಗಲಿ, ಲೆಕ್ಕದ ಮೇಷ್ಟ್ರ ಮೇಲೆ ಚಾಡಿ ಹೇಳಬೇಕಾದರೆ ಜಗಲಿ, ಪದ್ಯದ ಅರ್ಥ ಕೇಳಬೇಕಾದರೂ ಜಗಲಿ. ಒಬ್ಬ ಹೋಗುತ್ತಾನೆ, ಒಬ್ಬಳು ಬರುತ್ತಾಳೆ. ಜೇನುಗೂಡಿನ ಬಾಯಿಯ ಹಾಗೆ ನನ್ನ ಬಾಗಿಲು. “ಮೇ ಐ ಗೋ ಔಟ್” ಎನ್ನುವುದನ್ನು ಮಾತ್ರ ಆ ಮಕ್ಕಳು ಲಂಡನ್ನಿನವರಿಗಿಂತ ಚೆನ್ನಾಗಿ ಹೇಳುತ್ತಿದ್ದರು. ನನಗೆ ಸಿಟ್ಟು ನೆತ್ತಿಗೇರುತ್ತಿತ್ತು. ಕಿರುಚುತ್ತಿದ್ದೆ, ಇಂಗ್ಲಿಷಿನಲ್ಲೇ. ಮೇಡಂ ಬರುವ ದಿನ ಹತ್ತಿರವಾಗುತ್ತಿತ್ತು. ಅತ್ತೆಯನ್ನು ನಿಲ್ಲಿಸಿ, ಒಂದೇ ಒಂದು ಬೇರೆ ಇಂಗ್ಲಿಷ್ ಮಾತು ಆಡು ಎಂದರೆ, ತುಟಿ ಹೊಲಿದುಕೊಂಡು ನಿಲ್ಲುತ್ತಿದ್ದಳು. ಸಂಜೆ ಮಜ್ಜಿಗೆಗೆ ಬಂದಾಗ ಮತ್ತೆ ನಾನು ನಿಲ್ಲಬೇಕಾಗುತ್ತಿತ್ತು.

ಮೇಡಂ ಬರುವುದಕ್ಕೆ ಹಿಂದಿನ ದಿನ ಅದು ನಡೆಯಿತು. ನಾನು ಬೋರ್ಡಿನಲ್ಲಿ ಬರೆದು ತಿರುಗಿದ್ದೆ. ಅತ್ತೆ ಒಂದು ಕೈಯಲ್ಲಿ ಬರೆಯುತ್ತ ಇನ್ನೊಂದನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟುಕೊಂಡಿದ್ದಳು. ಆ ಬೆರಳುಗಳ ಪಕ್ಕದಲ್ಲಿ, ಕೊಂಡಿ ಎತ್ತಿಕೊಂಡು, ಕರೀ ಚೇಳು.

“ಅತ್ತೇ! ಕೈ ತಗೀರಿ! ಚೇಳು!”

ನನ್ನ ದನಿ ಹೊರಗಿನ ನೀರಿನ ಟ್ಯಾಂಕಿನವರೆಗೂ ಕೇಳಿಸಿತಂತೆ. ಅತ್ತೆ ಕೈಯೆಳೆದುಕೊಂಡಳು, ನಿಧಾನಕ್ಕೆ ತನ್ನ ಜಾಮಿಟ್ರಿ ಡಬ್ಬಿಯನ್ನು ಚೇಳಿನ ಮೇಲೆ ಬೋರಲು ಹಾಕಿದಳು. ಆ ಹುಡುಗಿಗೆ ಏನಾದರೂ ಆಗಿದ್ದರೆ ನಾನು ಬದುಕುತ್ತಿರಲಿಲ್ಲ, ಅಷ್ಟು ಹೆದರಿದ್ದೆ. ಅವಳು ಮಾತ್ರ ಡಬ್ಬಿಯನ್ನು ಒಮ್ಮೆ ನೋಡಿ, ಆಮೇಲೆ ಗೋಡೆಯ ಹಾಳೆಯನ್ನು ನೋಡಿ, ಆಮೇಲೆ ನನ್ನನ್ನು ನೋಡಿದಳು. ಹಿಂದಿನ ಬೆಂಚಿನಲ್ಲಿ ಯಾರಿಗೋ ಹೊಳೆಯಿತು. ಇಡೀ ಕ್ಲಾಸು ಒಂದೇ ಕೊರಳಿನಲ್ಲಿ ಕೂಗಿತು: “ಪುರೀ!”

ರೂಮಿನೊಳಗೆ ಕನ್ನಡ ಆಡಿದ್ದೆ. ಅದೂ ಏನೆಂದು? ಶಿಷ್ಯೆಯನ್ನು ಅತ್ತೇ ಎಂದು, ಬಹುವಚನದಲ್ಲಿ.

ಒಂದು ಪಡಿ ಪುರಿಯಲ್ಲಿ ಮುಗಿಯುವುದಾದರೆ ಅವತ್ತೇ ತಂದು ಸುರಿಯುತ್ತಿದ್ದೆ. ಆದರೆ ಊರ ಕಟ್ಟು ಮುರಿದವರು ತಾವೇ ಬಾಯಿ ಹಾಕಿ ತಪ್ಪಾಯಿತು ಎನ್ನುವಂತಿಲ್ಲ. ಮನೆಯ ಹಿರಿಯರೊಬ್ಬರು ಸಭೆಯಲ್ಲಿ ಕೂತು, ಇವರ ತಪ್ಪು ನಮ್ಮ ತಪ್ಪು ಎಂದು ಹೊರಬೇಕು. ತಪ್ಪು ಮಾಡಿದವರು ಪಕ್ಕದಲ್ಲಿ ನಿಂತಿರಬೇಕು. ಹೊತ್ತವರು ಮಾತು ಮುಗಿಯುವವರೆಗೆ ಜಾಗ ಬಿಟ್ಟು ಏಳುವಂತಿಲ್ಲ. ಅದು ಮುಗಿಯದೆ ಸಭೆ ಬೇರೆ ಮಾತು ಎತ್ತುವುದಿಲ್ಲ. ಮಕ್ಕಳಾದರೆ ಅವರವರ ತಾಯಂದಿರು ಮಿಲ್ಲಿನ ಹತ್ತಿರವೇ ಒಪ್ಪಿಕೊಂಡು ಮುಗಿಸುತ್ತಿದ್ದರು. ನಾನು ಕಟ್ಟು ಕಟ್ಟಿದವಳು. ನನ್ನದು ಸಭೆಗೇ ಬರಬೇಕು ಎಂದರು. ಸಭೆ ಎಂದರೆ ಮರುದಿನದ್ದೇ, ಮೇಡಂ ಎದುರಿಗೆ.

ಮನೆಯಲ್ಲಿ ಅಪ್ಪ ತಾನು ಬರುತ್ತೇನೆ ಎಂದು ಎದ್ದರು. ಅಜ್ಜಿ ತಡೆದಳು. “ಎತ್ತೋರು ಮಗ್ಳ ಪರ ಮಾತಾಡಾದು ಒಂದು ಮಾತಾ? ಮನೆ ಎಣ್ಮಕ್ಳ ತಪ್ಪು ಒರಾದು ಅತ್ತೆ.” ಅಪ್ಪನ ಒಡಹುಟ್ಟಿದ ತಂಗಿಯರು ಇಬ್ಬರು. ಒಬ್ಬರು ಪಾಲಮಲೆ ಬೆಟ್ಟದ ಮೇಲೆ, ಇನ್ನೊಬ್ಬರು ಎಡಪ್ಪಾಡಿಯಲ್ಲಿ ನೇಯುವವರ ಮನೆಗೆ ಸೊಸೆ. ಬೆಳಿಗ್ಗೆಯೊಳಗೆ ಇಬ್ಬರಿಗೂ ಬರಲಾಗದು. ಫೋನಿನಲ್ಲಿ ಒಪ್ಪಿಸಬಹುದಾ ಎಂದು ತಲೈವಿಯನ್ನು ಕೇಳಿದೆ.

“ಕರೆಂಟು ಬಿಲ್ಲಾ ಅದು ಫೋನ್ನಾಗೆ ಕಟ್ಟಾಕೆ?” ಎಂದಳು ಅವಳು. “ಊರ್ನಾಗೆ ಒಬ್ಳು ಅತ್ತೆ ಅವ್ಳಲ್ಲ ನಿಂಗೆ.”

ಹೌದು. ಒಬ್ಬಳಿದ್ದಳು.

ಮರುದಿನ ಫ್ಯಾನಿರುವ ನನ್ನ ರೂಮಿನಲ್ಲೇ ಸಭೆ ಇಟ್ಟರು. ಬ್ಲಾಕ್ ಆಫೀಸಿನ ಮೇಡಂ ಸಣ್ಣಗೆ, ಕನ್ನಡಕ ಹಾಕಿಕೊಂಡು, ನಗದ ಮುಖದವರು. ಮುಂದಿನ ಬೆಂಚಿನಲ್ಲಿ ಫೈಲು ಬಿಚ್ಚಿಕೊಂಡು ಕೂತರು. ಕಮಿಟಿಯವರು ತುಂಬಿಕೊಂಡರು. ಮಕ್ಕಳು ಕಿಟಕಿಗಳಲ್ಲಿ ನೇತಾಡುತ್ತಿದ್ದರು. ತಲೈವಿ ಎದ್ದು ಗಂಟಲು ಸರಿಮಾಡಿಕೊಂಡು ಬಾಯಿ ತೆರೆಯುವಷ್ಟರಲ್ಲಿ ಕಿಟಕಿಯಲ್ಲಿ ಅವಳ ಮಗನೇ ಕೆಮ್ಮಿ ಗೋಡೆಯತ್ತ ಬೆರಳು ತೋರಿಸಿದ. ಲ್ಯಾಮಿನೇಟ್ ಮಾಡಿದ ಹಾಳೆ ಫಳಫಳ ಹೊಳೆಯುತ್ತಿತ್ತು.

ತಲೈವಿ ಬಾಯಿ ಮುಚ್ಚಿದಳು. ಸೆರಗು ಸರಿಮಾಡಿಕೊಂಡು, ಒಂದು ಮಾತಾಡದೆ ಹೊರಟು, ಬಾಗಿಲು ದಾಟಿ ಜಗಲಿಯಲ್ಲಿ ನಿಂತು, ಕಿಟಕಿಯಿಂದ ಒಳಕ್ಕೆ ಬಗ್ಗಿ ಸಭೆ ಶುರುಮಾಡಿದಳು. ಅವಳಿಗೆ ಉತ್ತರ ಕೊಡಬೇಕಾದ ಗಂಡಸರೂ ಎದ್ದು ಹೊರಗೆ ಹೋದರು. ಅವರು ಹೇಳಿದ್ದು ಸರಿಯಿಲ್ಲ ಎನ್ನಬೇಕಾದ ಹೆಂಗಸರೂ ಹೋದರು. ಸ್ವಲ್ಪ ಹೊತ್ತಿಗೆ ಸಭೆ ಪೂರ್ತಿ ಬಿಸಿಲಿನ ಜಗಲಿಯಲ್ಲಿ, ಫ್ಯಾನು ಮೇಡಂ ಒಬ್ಬರ ಮೇಲೆ ತಿರುಗುತ್ತಿತ್ತು. ಹೆಡ್‌ಮಾಸ್ಟರು ಬೆವರು ಒರೆಸಿಕೊಂಡು ಅವರಿಗೆ ವಿವರಿಸಲು ನೋಡಿದರು. “ಮೇಡಂ, ದಿಸ್... ವಿಲೇಜ್...” ಎಂದರು. ಮುಂದಿನದು ಸಿಗಲಿಲ್ಲ. “ಒರು ನಿಮಿಷಂ” ಎಂದು ಕೈಸನ್ನೆ ಮಾಡಿ, ಅವರೂ ಜಗಲಿಗೆ ನಡೆದರು.

“ಇಂಗೆ ಎನ್ನದಾನ್ ನಡಕ್ಕುದು?” ಎಂದು ಮೇಡಂ ಕೂಗಿದರು. ಇಲ್ಲಿ ಏನು ನಡೀತಿದೆ ಎಂದು, ಶುದ್ಧ ತಮಿಳಿನಲ್ಲಿ, ರೂಮಿನೊಳಗಿನಿಂದ.

“ಪುರೀ!” ಎಂದವು ಕಿಟಕಿಗಳು.

ಹೊರಗಿನಿಂದ ತಲೈವಿ ಕೈಯೆತ್ತಿ ಮಕ್ಕಳನ್ನು ಸುಮ್ಮನಾಗಿಸಿದಳು. “ಓಗ್ಲಿ ಬುಡ್ರಲಾ, ಒಸಬ್ರು.”

ನನಗೆ ನಗು ಬಂತು. ಆದರೆ ಮೇಡಂ ಮುಖ ಗಂಟಿಕ್ಕಿತ್ತು. ನನ್ನ ಕೆಲಸ ಹೋಯಿತು, ಇನ್ನು ನಾಳೆಯಿಂದ ಸೇಲಂ ಬಸ್ಸಿನಲ್ಲಿ ನಿಲ್ಲುವುದೇ ಎಂದುಕೊಂಡೆ. ಅಷ್ಟರಲ್ಲಿ ಹೊರಗೆ ಅತ್ತೆಯನ್ನು ಕರೆದರು.

ಯೂನಿಫಾರಂ ತೊಟ್ಟು ಎರಡು ಜಡೆ ಮಡಚಿ ಕಟ್ಟಿಕೊಂಡು ಬಂದಳು. ಚಪ್ಪಲಿ ಬಾಗಿಲಲ್ಲಿ ಬಿಟ್ಟಳು. ತಲೈವಿ ಕಿಟಕಿಯಿಂದ ಕೈ ಮಾಡಿದ ಜಾಗದಲ್ಲಿ ಕೂತಳು. ಆ ಜಾಗ ನನ್ನ ಕುರ್ಚಿ. ನಾನು ಪಕ್ಕದಲ್ಲಿ ನಿಂತೆ.

ಆಗ ನನಗೆ ಅರ್ಥವಾಯಿತು, ಅವಳಿಗೂ ಆಗಲೇ ಅರ್ಥವಾಗಿರಬೇಕು. ಇಷ್ಟು ದಿನ ಜಗಲಿಗೆ ಓಡುತ್ತಿದ್ದವಳು ಈಗ ಓಡುವಂತಿಲ್ಲ. ಹೊತ್ತವರು ಜಾಗ ಬಿಟ್ಟು ಏಳಬಾರದು. ರೂಮಿನೊಳಗೆ ಇಂಗ್ಲಿಷ್ ಬಿಟ್ಟು ಬೇರೆ ಆಡಬಾರದು. ಎರಡೂ ಕಟ್ಟು. ಅವಳು ಬಾಗಿಲು ನೋಡಿದಳು, ಕುರ್ಚಿಯ ಕೈ ಹಿಡಿದಳು. ಹೇಳಿಕೊಡಲು ನನ್ನ ನಾಲಗೆ ತುರಿಸುತ್ತಿತ್ತು, ಆದರೆ ತಪ್ಪು ಮಾಡಿದವರು ಬಾಯಿ ಬಿಡುವಂತಿರಲಿಲ್ಲ. ಪಾಪ, ಬೇಡ, ಎದ್ದು ಹೋಗು ಎನ್ನಬೇಕೆನಿಸಿತು. ಕೆಲಸ ಹೋದರೆ ಹೋಗಲಿ, ಈ ಮಗು ಎಲ್ಲರ ಮುಂದೆ ಹೀಗೆ ಕೂತಿರುವುದು ಬೇಡ ಎಂದು ನಿಜವಾಗಿ ಅನ್ನಿಸಿತು.

ಅವಳು ಮೇಡಂ ಮುಖ ನೋಡಿದಳು.

“ಮೇಡಂ. ಶೀ ಈಸ್ ಮೈ ಬ್ರದರ್ ಡಾಟರ್.”

ಮೇಡಂ ಕನ್ನಡಕ ತೆಗೆದರು. ನನ್ನನ್ನೊಮ್ಮೆ, ಅವಳನ್ನೊಮ್ಮೆ ನೋಡಿದರು.

“ಹರ್ ಮಿಸ್ಟೇಕ್, ಮೈ ಮಿಸ್ಟೇಕ್. ಐ ವಿಲ್ ಗಿವ್ ಪುರಿ.” ನಿಲ್ಲಿಸಿದಳು. ಇಷ್ಟಕ್ಕೆ ಕಟ್ಟಿನ ಪ್ರಕಾರ ಅವಳ ಕೆಲಸ ಮುಗಿದಿತ್ತು, ಎದ್ದು ಹೋಗಬಹುದಿತ್ತು. ಏಳಲಿಲ್ಲ. “ಶೀ ಶೌಟ್ಸ್ ವೆರಿ ಮಚ್. ಬಟ್ ಶೀ ಕಮ್ಸ್ ಡೈಲಿ. ಅದರ್ ಟೀಚರ್ಸ್ ಗೋ. ಶೀ ಕಮ್ಸ್.” ಮತ್ತೆ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದಳು. “ಮೇಡಂ, ಡೋಂಟ್ ಸೆಂಡ್ ಹರ್.”

ಜಗಲಿಯಲ್ಲಿ ತಲೈವಿ ಹೆಡ್‌ಮಾಸ್ಟರ ತೋಳು ತಿವಿದು, “ಏನಂದ್ಲು, ಏನಂದ್ಲು?” ಎಂದು ಪಿಸುಗುಟ್ಟುವುದು ಕೇಳಿಸಿತು. ಹೆಡ್‌ಮಾಸ್ಟರು ತಮಿಳಿನಲ್ಲಿ ಹೇಳಿದರು, ಅವಳನ್ನು ಕಳಿಸಬೇಡಿ ಅಂತಿದ್ದಾಳೆ.

“ಅತ್ತೆನೇ ಏಳಿದ್ಮ್ಯಾಕೆ ಆಯ್ತಲ್ಲ. ಇನ್ನೇನು ಮೀಟಿಂಗು?” ಎಂದು ತಲೈವಿ ಊರಿನ ಪರವಾಗಿ ತೀರ್ಮಾನ ಹೇಳಿಬಿಟ್ಟಳು. ಮೇಡಂ ಫೈಲಿನಲ್ಲಿ ಏನೋ ಬರೆದರು. ಹೋಗುವಾಗ ನನ್ನ ಹತ್ತಿರ ನಿಂತು, ಎಚ್ಚರಿಕೆಯಿಂದ ಇಂಗ್ಲಿಷಿನಲ್ಲೇ, ಇಂಥ ಅತ್ತೆ ನಮ್ಮ ಆಫೀಸಿಗೂ ಒಬ್ಬಳಿದ್ದರೆ ಚೆನ್ನಾಗಿತ್ತು ಎಂದರು. ಆಮೇಲೆ ಬಾಗಿಲು ದಾಟಿ, ಜಗಲಿಯಲ್ಲಿ ನಿಂತು, ತಮಿಳಿನಲ್ಲಿ ಹೊಟ್ಟೆ ತುಂಬ ನಕ್ಕರು. ಮುಂದಿನ ವರ್ಷವೂ ನಾನೇ ಎಂದು ಸಂಜೆ ಹೆಡ್‌ಮಾಸ್ಟರು ಮನೆಗೇ ಬಂದು ಹೇಳಿಹೋದರು.

ಪುರಿ ಅವಳ ಮನೆಯಿಂದ ಹೋಗುವುದು ನನಗೆ ಸರಿಕಾಣಲಿಲ್ಲ. ನಾನೇ ಕೊಂಡು ಹೊತ್ತುಕೊಂಡು ಅವರ ಮನೆಗೆ ಹೋದೆ. ಅತ್ತೆ ಅಂಗಳದಲ್ಲಿ ಮೇಕೆಮರಿಗೆ ಸೊಪ್ಪು ಕಟ್ಟುತ್ತಿದ್ದಳು. ಮೂಟೆ ನೋಡಿ, ಒಳಗಿನಿಂದ ಪಡಿ ತಂದು, ತಾನೇ ಅಳೆದು ಇಟ್ಟುಕೊಂಡು, ಉಳಿದದ್ದನ್ನು ನನ್ನ ಸೆರಗಿಗೆ ಸುರಿದಳು.

“ತಪ್ಪು ಒತ್ತಿದ್ದು ನಾನು. ನೀ ತಂದಿದ್ದು ಅಂತ ಯಾರ್ಗೂ ಏಳ್ಬ್ಯಾಡ,” ಎಂದಳು.

“ಇಷ್ಟು ಇಂಗ್ಲಿಷ್ ಬರ್ತಿತ್ತಲ್ಲ, ಕ್ಲಾಸಿನಾಗೆ ಯಾಕೆ ಬಾಯೇ ಬಿಡ್ಲಿಲ್ಲ?” ಎಂದು ಕೇಳಿದೆ. ಸಿಟ್ಟೂ ಇತ್ತು ನನಗೆ, ಅಳುವೂ ಇತ್ತು.

“ನೀನು ಬಿಟ್ರಲ್ವಾ. ನೀನೇ ಮಾತಾಡ್ತಾ ಇರ್ತೀಯ.” ಮೇಕೆಯ ಹಗ್ಗ ಬಿಗಿದಳು. “ತಪ್ಪಾದ್ರೆ ಕಿರುಚ್ತೀಯ ಬೇರೆ. ಅಣ್ಣನ ಮಗ್ಳು ಅಂತ ಸುಮ್ಕಿದ್ದೆ.”

ನಾನು ಸೆರಗಿನ ಪುರಿಯನ್ನು ಗಂಟು ಕಟ್ಟಿಕೊಂಡು ಮನೆಗೆ ನಡೆದೆ.

ಮಾರನೆಯ ದಿನ ಪುರಿ ತಿಂದ ಕ್ಲಾಸು ಕರುಂ ಕುರುಂ ಎಂದು ಇನ್ನೂ ಜಗಿಯುತ್ತಿತ್ತು. ನಾನು ನನ್ನ ಕುರ್ಚಿಯಲ್ಲಿ ಕೂತು ಪಾಠ ತೆಗೆದೆ. ಒಂದು ಪ್ರಶ್ನೆ ಕೇಳಿ, ಬಾಯಿ ಮುಚ್ಚಿಕೊಂಡು ಕಾದೆ. ಕಾಯುವುದು ಎಷ್ಟು ಕಷ್ಟ ಎಂದು ಅವತ್ತೇ ಗೊತ್ತಾಯಿತು. ಕೊನೆಗೆ ಕಿಟಕಿ ಪಕ್ಕದಲ್ಲಿ ಕೈ ಮೇಲೆದ್ದಿತು. ಅಭ್ಯಾಸದಂತೆ ನಾನು ಬಾಗಿಲ ಕಡೆ ಕೈತೋರಿಸಿದೆ, ಹೋಗು ಎಂದು.

“ನೋ, ಮಿಸ್,” ಎಂದಳು. “ಐ ವಿಲ್ ಸೇ ಹಿಯರ್.”

ಅತ್ತೆ ಮಾತಾಡುವಾಗ ಕೂತಿರುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ನಾನು ಕುರ್ಚಿ ಬಿಟ್ಟು ಎದ್ದು ನಿಂತೆ.